ಹೆಸರಿನ ಬೇರು ಹುಡುಕುವವರಿಗೆ ಒಂದು ನಂಬಿಕಸ್ತ ತಾಣ: ‘ಬಿಹೈಂಡ್ ದ ನೇಮ್’

ಪುರೋಹಿತರು ನಕ್ಷತ್ರ, ಪಾದ ನೋಡಿ ಅಕ್ಷರವೊಂದನ್ನು ಹೇಳಿದ ಕೂಡಲೇ ಮನೆಮಂದಿಯೆಲ್ಲ ಮೊಬೈಲು ಹಿಡಿದು ಆ ಅಕ್ಷರದ ಹೆಸರುಗಳನ್ನು ಹುಡುಕಲು ಕೂರುವುದು ಈಗ ನಾಮಕರಣದ ಸಿದ್ಧತೆಯ ಒಂದು ಭಾಗವೇ ಆಗಿಬಿಟ್ಟಿದೆ. ಹುಡುಕಿದರೆ ಹೆಸರುಗಳಿಗೇನೂ ಬರವಿಲ್ಲ. ಪ್ರತಿ ಹೆಸರಿನ ಎದುರಿಗೂ ‘ಸೂರ್ಯನ ಮೊದಲ ಕಿರಣ’, ‘ದೇವರ ಕೊಡುಗೆ’, ‘ಶಾಂತಿ’ ಎಂಬಂಥ ಅರ್ಥವೊಂದು ಸಿದ್ಧವಾಗಿರುತ್ತದೆ. ಆ ಅರ್ಥ ಎಲ್ಲಿಂದ ಬಂತು, ಯಾವ ಭಾಷೆಯ ಯಾವ ಪದದಿಂದ ಹುಟ್ಟಿತು ಎಂಬುದನ್ನು ಮಾತ್ರ ಹೇಳುವವರಿಲ್ಲ. ನೆಂಟರಿಷ್ಟರು, ಅದರಲ್ಲೂ ಹೊರದೇಶಗಳಲ್ಲಿ ನೆಲೆಸಿರುವವರು, ತಾವು ಆರಿಸಿದ ಹೆಸರಿನ ಅರ್ಥ ಸರಿಯೇ ಎಂದು ಕೇಳಿದಾಗ ನಾನು ಮೊದಲು ತೆರೆದು ನೋಡುವುದು ‘ಬಿಹೈಂಡ್ ದ ನೇಮ್’ ಎಂಬ ತಾಣವನ್ನು. ಮೈಕ್ ಕ್ಯಾಂಪ್‌ಬೆಲ್ ಎಂಬವರು 1996ರಲ್ಲಿ ಆರಂಭಿಸಿದ ಈ ತಾಣ ಜಗತ್ತಿನ ನಾನಾ ಸಂಸ್ಕೃತಿಗಳ ಹೆಸರುಗಳ ಮೂಲ, ಅರ್ಥ ಮತ್ತು ಇತಿಹಾಸವನ್ನು ಉಚಿತವಾಗಿ ಓದಲು ಕೊಡುತ್ತದೆ. ಕನ್ನಡದ ಓದುಗರಿಗೆ ಇದರಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇಂಥದೊಂದು ತಾಣದ ಅಗತ್ಯವೇನೆಂದು ತಿಳಿಯಲು ಈಗಿನ ಒಂದೆರಡು ಜನಪ್ರಿಯ ಹೆಸರುಗಳನ್ನು ನೋಡಿದರೆ ಸಾಕು. ಗಂಡುಮಕ್ಕಳಿಗೆ ಇಡುವ ‘ಆರವ್’ ಎಂಬ ಹೆಸರಿಗೆ ಬಹುತೇಕ ಆಪ್‌ಗಳೂ ಹೆಸರಿನ ಪುಸ್ತಿಕೆಗಳೂ ‘ಶಾಂತಿ’ ಎಂಬ ಅರ್ಥವನ್ನು ಕೊಡುತ್ತವೆ. ಆದರೆ ಸಂಸ್ಕೃತದಲ್ಲಿ ‘ಆರವ’ ಎಂದರೆ ಸದ್ದು, ಕೂಗು. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ, ಹಕ್ಕಿಗಳ ‘ಕಲರವ’ ಮತ್ತು ಸದ್ದಡಗಿದ ‘ನೀರವ’ ಎಂಬ ಪದಗಳು ನಮ್ಮ ಬರಹದಲ್ಲಿ ದಿನವೂ ಓಡಾಡುತ್ತಿವೆ. ಮಗುವಿನ ಹೆಸರಿನ ಅರ್ಥ ನಾದ ಎಂದಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಅದು ಚೆಲುವಾದ ಅರ್ಥವೇ. ಇರುವ ಅರ್ಥವನ್ನು ಮರೆಮಾಡಿ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುವುದು ಹೆಸರಿಗೂ ಮಗುವಿಗೂ ಮಾಡುವ ಅನ್ಯಾಯ. ಹಾಗೆಯೇ ‘ಮೈರಾ’ ಎಂಬುದನ್ನು ಸಂಸ್ಕೃತದ ಹೆಸರೆಂದು ನಂಬಿ, ‘ಪ್ರಿಯೆ’, ‘ಮಧುರೆ’ ಎಂಬ ಅರ್ಥಗಳನ್ನು ಓದಿ, ಸಂತೋಷದಿಂದ ಇಟ್ಟವರು ನಮ್ಮ ನಡುವೆ ಅನೇಕರಿದ್ದಾರೆ. ಅದು ಸುಮಾರು ನಾನೂರು ವರ್ಷಗಳ ಹಿಂದೆ ಇಂಗ್ಲಿಷ್ ಕವಿ ಫುಲ್ಕ್ ಗ್ರೆವಿಲ್ ತನ್ನ ಪ್ರೇಮಗೀತೆಗಳಲ್ಲಿನ ನಾಯಕಿಗಾಗಿ ಕಟ್ಟಿದ ಹೆಸರು. ‘ಕಿಯಾರಾ’ದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಇಟಲಿಯ ‘ಕ್ಯಾರಾ’ ಕಡೆಯಿಂದ ಬಂದರೆ ಅದರ ಅರ್ಥ ಬೆಳಕು, ಸ್ಪಷ್ಟತೆ. ಐರ್ಲೆಂಡಿನ ‘ಕಿಯರಾ’ ಕಡೆಯಿಂದ ಬಂದರೆ ಅದರ ಅರ್ಥ ಕಪ್ಪು. ಈ ತಾಣದಲ್ಲಿ ಎರಡೂ ದಾರಿಗಳು ಒಟ್ಟೊಟ್ಟಿಗೆ ಕಾಣುತ್ತವೆ, ಯಾವುದನ್ನು ತಮ್ಮದೆನ್ನಬೇಕೆಂಬುದು ತಂದೆತಾಯಿಗೆ ಬಿಟ್ಟದ್ದು.

ಒಂದು ನಮೂದು ಹೇಗಿರುತ್ತದೆಂದು ತುಸು ಹತ್ತಿರದಿಂದ ನೋಡೋಣ. ‘ಜಾನ್’ ಎಂದು ಹುಡುಕಿದರೆ, ಅದು ಹೀಬ್ರೂವಿನ ‘ಯೋಹಾನಾನ್’ ಎಂಬುದರಿಂದ, ಅಂದರೆ ದೇವರು ಕೃಪೆ ತೋರಿದ್ದಾನೆ ಎಂಬ ಇಡೀ ವಾಕ್ಯದಂಥ ಹೆಸರಿನಿಂದ ಹೊರಟು, ಗ್ರೀಕ್ ಮತ್ತು ಲ್ಯಾಟಿನ್‌ಗಳ ಮೂಲಕ ಯುರೋಪನ್ನೆಲ್ಲ ಸುತ್ತಿ ಬಂದ ಬಗೆ ತಿಳಿಯುತ್ತದೆ. ಫ್ರೆಂಚರ ಜ್ಯಾಂ, ಸ್ಪೇನಿನ ಹ್ವಾನ್, ಇಟಲಿಯ ಜೊವಾನ್ನಿ, ರಷ್ಯದ ಇವಾನ್, ಜರ್ಮನರ ಹಾನ್ಸ್, ಐರ್ಲೆಂಡಿನ ಶಾನ್, ಸ್ಕಾಟ್ಲೆಂಡಿನ ಇಯನ್ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಅರಬ್ಬಿಯ ಯಹ್ಯಾ ಕೂಡ ಅದೇ ಪ್ರವಾದಿಯ ಹೆಸರು. ಇದನ್ನು ಓದುವಾಗ ಮಂಗಳೂರಿನ ಕೊಂಕಣಿ ಕ್ರೈಸ್ತರ ‘ಜುವಾಂವ್’ ನೆನಪಾಗದೇ ಇರುವುದಿಲ್ಲ. ಪೋರ್ಚುಗೀಸರ ಮೂಲಕ ಕರಾವಳಿಗೆ ಬಂದ ಆ ರೂಪ, ಕನ್ನಡ ಬೈಬಲಿನ ಯೋಹಾನ, ಇಂಗ್ಲಿಷ್ ಶಾಲೆಯ ದಾಖಲೆಯಲ್ಲಿ ಕಾಣುವ ಜಾನ್, ಈ ಮೂರೂ ಒಂದೇ ಹೆಸರೆಂಬುದು ಹೊಳೆದಾಗ ಆಗುವ ಸಂತೋಷವೇ ಬೇರೆ. ಹೆಸರಿನ ನಂಟಸ್ತಿಕೆಯನ್ನು ವಂಶವೃಕ್ಷದಂತೆ ಬಿಡಿಸಿ ತೋರಿಸುವ ಸೌಲಭ್ಯ ಈ ತಾಣದಲ್ಲಿದೆ. ಬೇರೇನನ್ನೂ ನೋಡದಿದ್ದರೂ ಅದನ್ನೊಮ್ಮೆ ನೋಡಲೇಬೇಕು. ಅಲೆಕ್ಸಾಂಡರ್ ಎಂಬ ಹೆಸರಿನ ಮೊದಲ ‘ಅಲ್’ ಅನ್ನು ಅರಬ್ಬಿ ಮಾತಾಡುವವರು ತಮ್ಮ ಭಾಷೆಯ ಉಪಪದವೆಂದು ಬಗೆದು ಬಿಡಿಸಿಬಿಟ್ಟದ್ದರಿಂದ ಇಸ್ಕಂದರ್ ಹುಟ್ಟಿತು, ಅದೇ ಮುಂದೆ ನಮ್ಮ ಸಿಕಂದರ್ ಆಯಿತು. ಮನುಷ್ಯರನ್ನು ಕಾಯುವವನು ಎಂಬುದು ಅದರ ಗ್ರೀಕ್ ಅರ್ಥ. ರಷ್ಯನ್ನರ ‘ಸಾಶಾ’ ಅದೇ ಅಲೆಕ್ಸಾಂಡರನ ಮುದ್ದಿನ ರೂಪವೆಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆಯಾಗುವುದು ಕಷ್ಟ.

ನಾನು ಈ ತಾಣವನ್ನು ಇಷ್ಟು ನೆಚ್ಚಿಕೊಳ್ಳಲು ಮುಖ್ಯ ಕಾರಣ, ತಿಳಿಯದ್ದನ್ನು ತಿಳಿಯದೆಂದು ಬರೆಯುವ ಅದರ ಪ್ರಾಮಾಣಿಕತೆ. ‘ಆರ್ಥರ್’ ಎಂಬುದರ ಅರ್ಥ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಕೆಲ್ಟಿಕ್ ಭಾಷೆಗಳ ‘ಕರಡಿ’ ಎಂಬ ಪದದಿಂದ ಬಂದಿರಬಹುದು, ರೋಮನ್ನರ ಆರ್ಟೋರಿಯಸ್ ಎಂಬ ಮನೆತನದ ಹೆಸರಿನಿಂದಲೂ ಬಂದಿರಬಹುದು. ಜಗತ್ತಿನಲ್ಲಿ ಅತ್ಯಂತ ಹೆಚ್ಚು ಹೆಣ್ಣುಮಕ್ಕಳು ಹೊತ್ತಿರುವ ಹೆಸರುಗಳಲ್ಲಿ ಒಂದಾದ ಮೇರಿ, ಮರಿಯಾ, ಮರ್ಯಮ್‌ಗಳ ಮೂಲರೂಪ ‘ಮಿರ್ಯಾಮ್’ ಕೂಡ ಇದೇ ಬಗೆಯದು. ಕಹಿಯ ಕಡಲು, ಬಂಡಾಯ, ಬಯಸಿದ ಕೂಸು ಎಂದು ಹಲವು ಊಹೆಗಳಿದ್ದು, ಈಜಿಪ್ಟಿನ ‘ಪ್ರೀತಿ’ ಎಂಬ ಪದದಿಂದ ಅದು ಬಂದಿರುವ ಸಾಧ್ಯತೆಯೂ ಇದೆ. ಹೀಗೆ ಊಹೆಯನ್ನು ಊಹೆಯಾಗಿಯೇ ಇಡುವ ಶಿಸ್ತು ನಮ್ಮ ಹೆಸರಿನ ಪುಸ್ತಿಕೆಗಳಲ್ಲಿ ಕಾಣಸಿಗುವುದಿಲ್ಲ. ಅರ್ಥ ಗೊತ್ತಿಲ್ಲದ ಹೆಸರಿನ ಎದುರು ಖಾಲಿ ಜಾಗ ಬಿಡಲು ನಮ್ಮ ಪ್ರಕಾಶಕರಿಗೆ ಧೈರ್ಯವಿಲ್ಲ, ಸಾಲದ್ದಕ್ಕೆ ಒಬ್ಬರು ಬರೆದ ತಪ್ಪನ್ನೇ ಹತ್ತು ಮಂದಿ ನಕಲು ಮಾಡಿ ಅದನ್ನು ಸತ್ಯವನ್ನಾಗಿಸುತ್ತಾರೆ.

ಅದೇ ಶಿಸ್ತಿನ ಇನ್ನೊಂದು ಮುಖ, ಕಾಗುಣಿತ ಒಂದೇ ಆದರೂ ಮೂಲ ಬೇರೆಯಾದ ಹೆಸರುಗಳನ್ನು ಅಂಕಿ ಹಾಕಿ ಬೇರೆ ಬೇರೆ ನಮೂದುಗಳಾಗಿ ಇಟ್ಟಿರುವುದು. ‘ತಾರಾ’ ಎಂದು ಹುಡುಕಿದರೆ ಐರ್ಲೆಂಡಿನ ಅರಸರ ಪೀಠವಾಗಿದ್ದ ತಾರಾ ಬೆಟ್ಟದ ಹೆಸರಿನಿಂದ ಬಂದದ್ದು ಒಂದು ಕಡೆ, ನಕ್ಷತ್ರ ಎಂಬ ಅರ್ಥದ ಸಂಸ್ಕೃತದ ಹೆಸರು ಇನ್ನೊಂದು ಕಡೆ. ‘ಮೀರಾ’ ಎಂಬುದು ನಮಗೆ ಮೇವಾಡದ ಭಕ್ತಕವಯಿತ್ರಿಯ ಹೆಸರಾದರೆ, ಪೂರ್ವ ಯುರೋಪಿನ ಸ್ಲಾವಿಕ್ ಭಾಷೆಗಳಲ್ಲಿ ಶಾಂತಿ, ಲೋಕ ಎಂಬ ಅರ್ಥದ ಪದದಿಂದ ಬಂದ ಬೇರೆಯೇ ಹೆಸರು. ಡಬ್ಲಿನ್ನಿನಲ್ಲೋ ಬರ್ಲಿನ್ನಿನಲ್ಲೋ ಮಗುವನ್ನು ಬೆಳೆಸುವ ಕನ್ನಡಿಗರು ಎರಡೂ ಕಡೆ ಒಪ್ಪುವ, ಎರಡೂ ಕಡೆಯ ನಾಲಿಗೆಗೆ ಹೊರಳುವ ಹೆಸರನ್ನು ಅರಸುತ್ತಾರೆ. ಅಂಥವರಿಗೆ ಈ ಬಗೆಯ ವಿಂಗಡಣೆ ನಿಜವಾದ ಉಪಕಾರ. ‘ಕಿರಣ್’ ಎಂದು ಕರೆದಾಗ ಐರ್ಲೆಂಡಿನ ನೆರೆಯವರು ಅದನ್ನು ತಮ್ಮ ‘ಕೀರನ್’ ಎಂದುಕೊಳ್ಳಬಹುದು. ಒಂದರ ಅರ್ಥ ಬೆಳಕಿನ ಎಳೆ, ಇನ್ನೊಂದರದ್ದು ಕಪ್ಪು ಬಣ್ಣದವನು. ಕಪ್ಪು ಎಂದರೆ ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ. ‘ಕೃಷ್ಣ’ ಎಂಬ ಹೆಸರಿನ ನೇರ ಅರ್ಥವೂ ಕಪ್ಪು, ನಮ್ಮ ಕರಿಯಪ್ಪ, ಕರಿಬಸಪ್ಪ, ಕರಿಯಮ್ಮಗಳೂ ಅದೇ ಬಣ್ಣವನ್ನು ಹೆಮ್ಮೆಯಿಂದ ಹೊತ್ತ ಹೆಸರುಗಳು. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಹೆಸರಿನ ‘ಕೆಂಪ’ನಿಗೂ ರೋಮನ್ನರ ‘ರೂಫಸ್’ ಎಂಬುದಕ್ಕೂ ಅರ್ಥದಲ್ಲಿ ಭೇದವಿಲ್ಲ.

ಒಂದೊಂದೇ ಹೆಸರನ್ನು ನೋಡುತ್ತ ಹೋದಂತೆ ಜನಾಂಗಗಳು ಹೆಸರಿಡುವ ಕ್ರಮವೇ ಕಣ್ಣಿಗೆ ಕಟ್ಟುವುದು ಈ ತಾಣದ ದೊಡ್ಡ ಲಾಭ. ರಾಬರ್ಟ್ ಎಂದರೆ ಕೀರ್ತಿ ಮತ್ತು ಹೊಳಪು, ವಿಲಿಯಮ್ ಎಂದರೆ ಸಂಕಲ್ಪ ಮತ್ತು ಶಿರಸ್ತ್ರಾಣ, ನಿಕೋಲಾಸ್ ಎಂದರೆ ಗೆಲುವು ಮತ್ತು ಜನ. ಹೀಗೆ ಎರಡು ಪದಗಳನ್ನು ಹೊಸೆದು ಹೆಸರು ಮಾಡುವುದು ಜರ್ಮನರಿಗೂ ಗ್ರೀಕರಿಗೂ ಸ್ಲಾವರಿಗೂ ವೇದಕಾಲದವರಿಗೂ ಸಮಾನವಾಗಿದ್ದ ಪದ್ಧತಿ. ಋಗ್ವೇದದಲ್ಲಿ ಬರುವ ‘ಸುಶ್ರವಸ್’ ಎಂಬ ಹೆಸರಿಗೂ ಗ್ರೀಕರ ‘ಯೂಕ್ಲೀಸ್’ ಎಂಬುದಕ್ಕೂ ಅರ್ಥ ಒಂದೇ, ಒಳ್ಳೆಯ ಕೀರ್ತಿಯುಳ್ಳವನು ಎಂದು. ಅಲ್ಲಿನ ‘ಶ್ರವಸ್’, ‘ಕ್ಲೀಸ್’ ಮತ್ತು ಸ್ಟಾನಿಸ್ಲಾವ್ ಮುಂತಾದ ಹೆಸರುಗಳ ಕೊನೆಯ ‘ಸ್ಲಾವ್’ ಮೂರೂ ಒಂದೇ ಪ್ರಾಚೀನ ಧಾತುವಿನಿಂದ ಕವಲೊಡೆದವು. ಅರಬ್ಬಿಯದು ಬೇರೆ ದಾರಿ. ಹೊಗಳಿಕೆ ಎಂಬ ಅರ್ಥದ ಮೂರು ವ್ಯಂಜನಗಳ ಒಂದೇ ಧಾತುವಿನಿಂದ ಮುಹಮ್ಮದ್, ಅಹ್ಮದ್, ಮಹಮೂದ್, ಹಮೀದ್ ಎಲ್ಲವೂ ಹುಟ್ಟಿವೆ. ಘಾನಾದ ಅಕಾನ್ ಜನರು ಹುಟ್ಟಿದ ವಾರವನ್ನೇ ಹೆಸರಾಗಿಸುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ 1938ರ ಏಪ್ರಿಲ್ 8 ಶುಕ್ರವಾರವೇ ಆಗಿತ್ತು. ನೈಜೀರಿಯದ ಯೊರುಬಾ ಜನರಲ್ಲಿ ‘ಬಾಬಾತುಂಡೆ’ ಎಂದರೆ ತಂದೆ ಮರಳಿ ಬಂದಿದ್ದಾನೆ ಎಂದರ್ಥ. ಮನೆಯ ಹಿರಿಯರು ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಅದನ್ನು ಇಡುತ್ತಾರೆ. ತಾತನೇ ಹುಟ್ಟಿಬಂದನೆಂದು ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಂಗೋಲಿಯದ ಹೆಸರುಗಳ ಭಾಗವನ್ನು ಓದುವಾಗಂತೂ ನಮ್ಮ ಹಳ್ಳಿಗಳೇ ಕಣ್ಣಮುಂದೆ ಬಂದವು. ಅಲ್ಲಿ ‘ನೆರ್ಗುಯಿ’ ಎಂಬ ಹೆಸರಿದೆ, ಅದರ ಅರ್ಥ ‘ಹೆಸರಿಲ್ಲ’ ಎಂದು. ‘ಎನೆಬಿಶ್’ ಎಂಬ ಇನ್ನೊಂದಕ್ಕೆ ‘ಇದಲ್ಲ’ ಎಂಬ ಅರ್ಥ. ಕೆಟ್ಟ ಶಕ್ತಿಗಳ ಕಣ್ಣು ಮಗುವಿನ ಮೇಲೆ ಬೀಳದಿರಲೆಂದು ದಾರಿ ತಪ್ಪಿಸುವ ಹೆಸರುಗಳಿವು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೊಂದು ಗಳಿಗೆ ಇಟ್ಟು ತಂದು ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆಯುತ್ತಿದ್ದ ನಮ್ಮ ತಾಯಂದಿರ ಅಳಲೂ ಇದೇ ಆಗಿತ್ತು. ಗುಂಡಪ್ಪ, ಕಲ್ಲಪ್ಪ ಎಂದು ಗಟ್ಟಿಯಾದುದರ ಹೆಸರಿಟ್ಟು ಮಗು ಕಲ್ಲಿನಂತೆ ಉಳಿಯಲಿ ಎಂದು ಹಾರೈಸಿದವರೂ ಇದ್ದರು. ಇವುಗಳಲ್ಲಿ ಎಲ್ಲವೂ ಹರಕೆಯ ಹೆಸರುಗಳೇ ಎಂದು ಹೇಳಲಾಗದು. ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಮೇಲಿನ ಭಕ್ತಿಯಿಂದ ಬಂದದ್ದು. ಶಾಲೆಯ ಹಾಜರಿಯಲ್ಲಿ ಇಂಥ ಹೆಸರು ಕೂಗಿದಾಗ ಮಕ್ಕಳು ನಗುವುದನ್ನು ಕಂಡವರಿಗೆ, ಆ ಹೆಸರಿನ ಹಿಂದಿರುವ ಭಯವನ್ನೂ ಪ್ರೀತಿಯನ್ನೂ ವಿವರಿಸಿ ಹೇಳಲು ಮಂಗೋಲಿಯದ ಈ ಉದಾಹರಣೆ ಬಹಳ ಸಹಾಯಕವಾಗುತ್ತದೆ.

ಇನ್ನು ಕೊರತೆಗಳ ಮಾತು. ಈ ತಾಣದಲ್ಲಿ ಕನ್ನಡದ ಹೆಸರುಗಳಿಗೆ ಪ್ರತ್ಯೇಕ ವಿಭಾಗವೇನೋ ಇದೆ, ಭಾರತೀಯ ಹೆಸರುಗಳ ಎದುರು ದೇವನಾಗರಿ, ತೆಲುಗು, ತಮಿಳುಗಳೊಂದಿಗೆ ಕನ್ನಡ ಲಿಪಿಯ ರೂಪವನ್ನೂ ಹಲವೆಡೆ ಕೊಟ್ಟಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ರೋಮನ್ ಅಕ್ಷರದಲ್ಲಿ ಬರೆದರೆ ಬಲ, ಬಾಲ, ಬಾಲಾ, ಬಳ ಎಲ್ಲವೂ ಒಂದೇ ಆಗಿ ಕಾಣುತ್ತವೆ, ಕಲಾ ಮತ್ತು ಕಾಳ ಎಂಬ ಅಜಗಜಾಂತರದ ಪದಗಳೂ ಬೆರೆತುಹೋಗುತ್ತವೆ. ಲಿಪಿ ಕಂಡೊಡನೆ ಆ ಗೊಂದಲ ತೀರುತ್ತದೆ. ಆದರೆ ಅಲ್ಲಿ ಕನ್ನಡದವೆಂದು ಸಿಗುವ ಹೆಸರುಗಳಲ್ಲಿ ಇಡೀ ಭಾರತಕ್ಕೆ ಸಾಮಾನ್ಯವಾದ ಸಂಸ್ಕೃತ ಮೂಲದವೇ ಹೆಚ್ಚು. ಲಕ್ಷ್ಮಿ, ಕೃಷ್ಣ, ಅರ್ಜುನರ ಬಗ್ಗೆ ಚೆನ್ನಾಗಿ ತಿಳಿಸುವ ತಾಣದಲ್ಲಿ ಚೆನ್ನಪ್ಪ, ಮಲ್ಲವ್ವ, ಬೊಮ್ಮಯ್ಯ, ತಿಮ್ಮಕ್ಕಗಳ ಲೋಕವನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಗತಿ. ಅಪ್ಪ, ಅವ್ವ, ಅಣ್ಣ, ಅಕ್ಕ, ಅಯ್ಯ ಎಂಬ ನಂಟಿನ ಪದಗಳನ್ನು ಹೆಸರಿಗೇ ಬೆಸೆದು, ತೊಟ್ಟಿಲ ಕೂಸನ್ನೂ ಹಿರಿಯರಂತೆ ಗೌರವದಿಂದ ಕರೆಯುವುದು ಕನ್ನಡದ ಹೆಸರುಗಳ ಜೀವಾಳ. ಅದನ್ನು ಬಿಟ್ಟರೆ ಕನ್ನಡದ ಹೆಸರಿನ ಕಥೆಯಲ್ಲಿ ಅರ್ಧಕ್ಕರ್ಧ ಬಿಟ್ಟುಹೋದಂತೆಯೇ. ‘ವೃಷಭ’ ಪ್ರಾಕೃತದ ಬಾಯಲ್ಲಿ ನವೆದು ‘ಬಸವ’ ಆದದ್ದು, ‘ಬ್ರಹ್ಮ’ ‘ಬೊಮ್ಮ’ ಆದದ್ದು, ಜಾನ್ ಇವಾನ್ ಆದ ಕಥೆಗಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಮುದ್ದಿನ ರೂಪಗಳದ್ದೂ ಇದೇ ಪಾಡು. ರಿಚರ್ಡ್ ಡಿಕ್ ಆಗುವುದನ್ನೂ ರಾಬರ್ಟ್ ಬಾಬ್ ಆಗುವುದನ್ನೂ ಅಲ್ಲಿ ವಿವರವಾಗಿ ಓದಬಹುದು. ಕೃಷ್ಣ ಕಿಟ್ಟನಾಗಿ, ಶ್ರೀನಿವಾಸ ಸೀನನಾಗಿ, ನಾರಾಯಣ ನಾಣಿಯಾಗಿ, ಸುಬ್ರಹ್ಮಣ್ಯ ಸುಬ್ಬನಾಗಿ, ನಂಜುಂಡ ನಂಜನಾಗಿ, ಲಕ್ಷ್ಮಿ ಲಚ್ಚಿಯಾಗುವ ಬಗೆಯನ್ನು ಮಾತ್ರ ನಮ್ಮ ಅಜ್ಜಿಯರ ಬಾಯಿಂದಲೇ ಕೇಳಬೇಕು. ಒತ್ತಕ್ಷರಗಳ ಬಿಗಿಯನ್ನು ಸಡಿಲಿಸಿ, ಮೊದಲೊಂದೆರಡು ಅಕ್ಷರ ಉಳಿಸಿಕೊಂಡು, ನಡುವೆ ಒಂದು ಒತ್ತು ಕೊಟ್ಟು ಮುಗಿಸುವ ಆ ಕ್ರಮದಲ್ಲಿ ಕನ್ನಡದ ಉಚ್ಚಾರಣೆಯ ಸ್ವಭಾವವೆಲ್ಲ ಅಡಗಿದೆ. ಈ ಕೊರತೆಗೆ ತಾಣವೊಂದನ್ನೇ ದೂರಿದರೆ ತಪ್ಪಾಗುತ್ತದೆ. ಯುರೋಪಿನ ಹೆಸರುಗಳ ಬಗ್ಗೆ ಅಲ್ಲಿನವರೇ ತಲೆಮಾರುಗಳಿಂದ ಕೋಶಗಳನ್ನು ಕಟ್ಟಿಟ್ಟಿರುವುದರಿಂದ ಈ ತಾಣಕ್ಕೆ ಆಧಾರ ಸಿಕ್ಕಿದೆ. ನಮ್ಮಲ್ಲಿ ಆಧಾರವೇ ಇಲ್ಲವೆಂದಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ವಿಜ ಅರಸನಿಂದ ಹಿಡಿದು ಬಾದಾಮಿಯ ಕಪ್ಪೆ ಅರಭಟ್ಟನವರೆಗೆ, ಅತ್ತಿಮಬ್ಬೆ, ಮಾಚಿಕಬ್ಬೆಯರಂಥ ‘ಅಬ್ಬೆ’ ಕೊನೆಯಾದ ಹೆಣ್ಣುಹೆಸರುಗಳವರೆಗೆ, 1886ರಿಂದ ಹೊರಬರತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳ ತುಂಬ ಸಾವಿರಾರು ಹೆಸರುಗಳು ಕಾಲ ಮತ್ತು ಊರಿನ ಸಮೇತ ಕುಳಿತಿವೆ. ಇಮ್ಮಡಿ ಪುಲಿಕೇಶಿಯ ಹೆಸರನ್ನೇ ಶಾಸನಗಳು ಪುಲಿಕೇಶಿ, ಪುಲಕೇಶಿ, ಪೊಲೆಕೇಶಿ ಎಂದು ಬಗೆಬಗೆಯಾಗಿ ಬರೆದಿವೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಮಕ್ಕಳ ಹೆಸರಿನ ಪುಸ್ತಿಕೆಗಳು ಯಾವ ಅಳುಕೂ ಇಲ್ಲದೆ ಒಂದು ಅರ್ಥವನ್ನು ಅಚ್ಚು ಹಾಕುತ್ತವೆ.

ಬಳಕೆಯ ದೃಷ್ಟಿಯಿಂದ ಇನ್ನೂ ಕೆಲವು ಮಾತು. ತಾಣ ಇರುವುದು ಇಂಗ್ಲಿಷಿನಲ್ಲಿ, ಭಾಷಾಶಾಸ್ತ್ರದ ಪದಗಳೂ ಅಲ್ಲಲ್ಲಿ ಬರುತ್ತವೆ, ಅವುಗಳಿಗೆ ಪ್ರತ್ಯೇಕ ಪದವಿವರಣೆ ಇರುವುದರಿಂದ ತಡವರಿಸಬೇಕಾಗಿಲ್ಲ. ಸಂಪಾದಕರು ಪರಿಶೀಲಿಸಿ ಸೇರಿಸಿದ ಹೆಸರುಗಳು ಬೇರೆ, ಬಳಕೆದಾರರು ತಾವಾಗಿ ಕಳುಹಿಸಿದ ಹೆಸರುಗಳು ಬೇರೆ. ಎರಡನೆಯ ವಿಭಾಗದಲ್ಲಿ ಭಾರತೀಯ ಹೆಸರುಗಳು ಸಿಕ್ಕರೆ ಅವುಗಳ ಅರ್ಥವನ್ನು ಹಾಗೆಯೇ ಒಪ್ಪಿಕೊಳ್ಳಬಾರದು, ನಮ್ಮ ಆಪ್‌ಗಳಲ್ಲಿನ ತಪ್ಪುಗಳೇ ಅಲ್ಲಿಗೂ ಹೋಗಿ ಸೇರುವುದು ಸಹಜ. ಅಮೆರಿಕದ ಹೆಸರುಗಳಿಗೆ 1880ರಿಂದ ಈಚಿನ ಸರ್ಕಾರಿ ಅಂಕಿಗಳ ಆಧಾರದ ಮೇಲೆ ಜನಪ್ರಿಯತೆಯ ಏರಿಳಿತದ ನಕ್ಷೆಗಳಿವೆ, ಯುರೋಪಿನ ಹಲವು ದೇಶಗಳಿಗೂ ಇಂಥವು ಇವೆ. ಭಾರತದಲ್ಲಿ ಹಾಗೆ ವರ್ಷವರ್ಷವೂ ಹೆಸರುಗಳ ಪಟ್ಟಿಯನ್ನು ಪ್ರಕಟಿಸುವ ಪದ್ಧತಿಯೇ ಇಲ್ಲದಿರುವುದರಿಂದ, ನಮ್ಮ ಹೆಸರುಗಳ ಏಳುಬೀಳನ್ನು ಅಲ್ಲಿ ನೋಡಲಾಗದು.

ಜನ್ಮಾಕ್ಷರದ ಪ್ರಕಾರವೇ ಹೆಸರಿಡಬೇಕೆನ್ನುವ ಮನೆಗಳಿಗೆ ಈ ತಾಣದಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಅಕ್ಷರಗಳು ನಿಗದಿಯಾಗಿವೆ. ಆರಂಭದ ಅಕ್ಷರ ಕೊಟ್ಟು ಹುಡುಕುವ ಅನುಕೂಲ ಅಲ್ಲಿದ್ದರೂ ರೋಮನ್ ಅಕ್ಷರಗಳಿಗೆ ನಮ್ಮ ‘ತ’ ಮತ್ತು ‘ಟ’, ‘ದ’ ಮತ್ತು ‘ಡ’ಗಳ ಭೇದ ತಿಳಿಯದು. ರೋಹಿಣಿಯ ಒ, ವ, ವಿ, ವು ಅಕ್ಷರಗಳಿಗೆ ಹುಡುಕಿದರೆ ಕೈತುಂಬ ಹೆಸರುಗಳು ಸಿಗುತ್ತವೆ. ಆರ್ದ್ರೆಯ ಕು, ಘ, ಙ, ಛಗಳಲ್ಲಿ ಮೂರನೇ ಪಾದದ ಙಕಾರಕ್ಕೆ ಯಾವ ತಾಣದಲ್ಲಿ ಹುಡುಕಿದರೂ ಹೆಸರು ಸಿಗುವುದು ದುರ್ಲಭ, ಅಲ್ಲಿ ಪುರೋಹಿತರೇ ಪಕ್ಕದ ಅಕ್ಷರಕ್ಕೆ ಸಮ್ಮತಿ ಕೊಡುತ್ತಾರೆ. ಹಾಗಾಗಿ ಅಕ್ಷರದ ಪ್ರಕಾರ ಪಟ್ಟಿ ಮಾಡುವ ಕೆಲಸವನ್ನು ನಿಮ್ಮ ಮೆಚ್ಚಿನ ಆಪ್‌ನಲ್ಲಿಯೇ ಮುಗಿಸಿಕೊಳ್ಳಿ. ಪಟ್ಟಿಯಲ್ಲಿ ಉಳಿದ ನಾಲ್ಕಾರು ಹೆಸರುಗಳನ್ನು ಮಾತ್ರ ಇಲ್ಲಿಗೆ ತಂದು ಅವುಗಳ ಬೇರನ್ನು ಪರೀಕ್ಷಿಸಿ. ಅಚ್ಚಗನ್ನಡದ ಹೆಸರಾದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟನ್ನು ಜೊತೆಗಿಟ್ಟುಕೊಳ್ಳಿ. ಈ ಎರಡು ಆಧಾರಗಳಲ್ಲೂ ಕಾಣದೆ, ಅರ್ಥ ಮಾತ್ರ ಕಣ್ಣು ಕೋರೈಸುವಂತೆ ಇರುವ ಹೆಸರು ಎದುರಾದರೆ, ಆ ಅರ್ಥವನ್ನು ನಾಮಕರಣದ ಕರೆಯೋಲೆಯಲ್ಲಿ ಅಚ್ಚು ಹಾಕಿಸುವ ಮೊದಲು ಸಂಸ್ಕೃತ ಬಲ್ಲವರೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳಿ.